ಕಮಲಾಪುರ ಅಂತ ಬರೆದ ಬೋರ್ಡು

ಯಾರಿಗೂ ಹೇಳದ ಒಂದು ಮಾತನ್ನು ಹೋದ ವಾರ ದಿನಚರಿಯಲ್ಲಿ ಬರೆದುಕೊಂಡೆ. ಆಫೀಸಿನ ಫೋನು ರಿಂಗಾದಾಗ ನಾನು ಬೇಕೆಂದೇ ನೀರು ಕುಡಿಯಲು ಏಳುತ್ತೇನೆ. ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು, ಆ ಫೋನನ್ನು ಒಂದು ಸಲವೂ ಎತ್ತಿಲ್ಲ. ಇದು ಖಮರುದ್ದೀನ್ ಸರ್‌ಗೆ ಗೊತ್ತಾಗಿದೆಯೋ ಇಲ್ಲವೋ ಎಂಬುದು ನನ್ನ ಚಿಂತೆ. ಗೊತ್ತಾಗಿಯೇ ಇರಬೇಕು. ಇಷ್ಟು ನೀರು ಕುಡಿಯುವ ಹುಡುಗಿ ಕಲಬುರಗಿಯ ಬೇಸಿಗೆಯಲ್ಲೂ ಸಿಗಲಾರಳು.

ನಮ್ಮದು ಸ್ಟೇಶನ್ ಬಜಾರದಲ್ಲಿ ಒಂದು ಲಾಡ್ಜಿನ ಪಕ್ಕ, ಮಹಡಿಯ ಮೇಲಿನ ಎರಡು ಕೋಣೆಯ ಆಫೀಸು. ಹಣ್ಣು ಮಾಗಿಸುವ ಕೋಣೆಗಳಿಗೆ ಕಂಟ್ರೋಲರ್ ಮಾಡಿಕೊಡುತ್ತೇವೆ. ಕಂಟ್ರೋಲರ್ ಎಂದರೆ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಅದರೊಳಗೆ ಅಂಗೈ ಅಗಲದ ಬೋರ್ಡು, ಬೋರ್ಡಿನ ಮೇಲೆ ಓಡುವ ಪುಟ್ಟದೊಂದು ಲಿನಕ್ಸು. ಕೋಣೆಯ ಶಾಖ ನೋಡುತ್ತ ತಂಪಿನ ಯಂತ್ರವನ್ನೂ ಗಾಳಿ ಹೊರಹಾಕುವ ಫ್ಯಾನನ್ನೂ ಹೊತ್ತುಹೊತ್ತಿಗೆ ಓಡಿಸುವುದು ಅದರ ಕೆಲಸ. ಪೆಟ್ಟಿಗೆ ಜೋಡಿಸುವವರು, ಗಿರಾಕಿಗಳೊಡನೆ ಮಾತಾಡುವವರು ಖಮರುದ್ದೀನ್ ಸರ್. ಒಳಗಿನ ಪ್ರೋಗ್ರಾಂ ಬರೆಯುವವಳು ನಾನು, ಪಂಚಶೀಲಾ. ಹಾಗಾಗಿ ಏಳು ತಿಂಗಳಲ್ಲಿ ನನ್ನ ಪ್ರೋಗ್ರಾಂ ಹತ್ತೂರು ತಿರುಗಿದೆ, ನಾನು ಮಾತ್ರ ಆಫೀಸು ಬಿಟ್ಟು ಹೋಗಿರಲಿಲ್ಲ.

ಶುಕ್ರವಾರ ಮುಂಜಾನೆ ಒಂಬತ್ತೂವರೆಗೆ ಫೋನು ರಿಂಗಾಯಿತು. ನಾನು ಎದ್ದು ಬಾಟಲಿಗೆ ಕೈ ಹಾಕುವಷ್ಟರಲ್ಲಿ ಸರ್ ಸ್ಪೀಕರ್ ಒತ್ತಿದರು.

"ಸಾಬ್ರೆ, ಕಮಲಾಪುರದಿಂದ ಅಂಬಣ್ಣ ಮಾತಾಡ್ಲಾಕತ್ತೀನಿ. ನಿಮ್ಮ ಪೆಟ್ಟಿಗಿ ಸತ್ತು ಹೋಗ್ಯಾದ. ಫ್ಯಾನ್ ತಿರುಗವಲ್ದು. ಒಳಗ ಕೆಂಪು ಬಾಳಿ ತುಂಬೀನಿ, ಮೂರನೇ ದಿನ ಅದ. ನಾಳಿ ಮುಂಜಾನಿ ಹೈದರಾಬಾದಕ್ಕ ಲಾರಿ ಹೋಗ್ಬೇಕು. ಬಾಳಿ ಒಳಗೇ ಕುದ್ದು ಹೋದ್ರ ನಾ ಏನ್ ಮಾಡ್ಲಿ?"

"ನೀರ್ ಗೀರ್ ಬಿತ್ತೇನ್ರಿ ಅಂಬಣ್ಣೋರೆ?"

"ಬಿದ್ದೇ ಇರ್ತದ! ನಿನ್ನಿ ಸಂಜಿಕ ಹಣಮಮ್ಮ ನೆಲ ತೊಳದಾಳ. ಬಕೀಟ್ ಸೀದಾ ಪೆಟ್ಟಿಗಿ ಬುಡಕ್ಕೇ ಇಟ್ಟಿದ್ಲು, ನಾ ಕಣ್ಣಾರೆ ನೋಡೀನಿ. ಆರು ವರ್ಸದಿಂದ ಇದ್ದಾಳಂತ ಸುಮ್ಮಿದ್ದೆ. ಇವತ್ತಿಗಿ ಸಾಕು, ಬಿಡಿಸಿಬಿಡ್ತೀನಿ ಅಕಿನ್ನ."

ಫೋನು ಇಟ್ಟ ಮೇಲೆ ಸರ್ ನನ್ನ ಕಡೆ ತಿರುಗಿದರು. "ಬೇಟಾ, ನನಗ ಸೇಡಮ್ಮಿಗಿ ಹೋಗಲೇಬೇಕು. ಕಮಲಾಪುರಕ್ಕ ನೀ ಹೋಗು."

"ನಾನಾ ಸರ್?"

"ಮತ್ತ್ಯಾರು, ಲಾಡ್ಜಿನ ವಾಚಮನ್‌ಗಿ ಕಳಸ್ಲೇನು? ಲ್ಯಾಪ್‌ಟಾಪ್ ತಗೋ, ಕೇಬಲ್ ತಗೋ. ನೀರಿನ ಬಾಟ್ಲಿನೂ ತಗೋ."

ಹಾಗಾದರೆ ಅವರಿಗೆ ಗೊತ್ತಿತ್ತು.

ಹುಮನಾಬಾದ್ ಬಸ್ಸು ನೆಹರು ಗಂಜ್ ದಾಟುವಾಗ ಕಿಟಕಿಯಿಂದ ಇಣುಕಿದೆ. ನಮ್ಮಪ್ಪ ಅಲ್ಲಿ ಹಮಾಲಿ. ತೊಗರಿ ಚೀಲದ ಲಾರಿಗಳ ನಡುವೆ ಕಾಣಲಿಲ್ಲ. ಕಂಡಿದ್ದರೆ ಕೈ ಬೀಸುತ್ತಿದ್ದೆನೋ ಏನೋ.

ಬಸ್ಸಿನಲ್ಲಿ ಕುಳಿತವಳಿಗೆ ಮಂಗಳವಾರದ ನೆನಪು ಬಿಡಲಿಲ್ಲ. ಕಮಲಾಪುರದ ಆ ಕೋಣೆಗೆ ತಗಡು, ಥರ್ಮಾಕೋಲಿನ ದಪ್ಪ ಗೋಡೆ, ಅದರ ಗೋಡೆಯ ಬಳಿಯೂ ನೆಟ್‌ವರ್ಕ್ ಸುಳಿಯುವುದಿಲ್ಲ. ಅದಕ್ಕೆ ಏನೇ ಕಳಿಸಬೇಕಾದರೂ ಪೆನ್ ಡ್ರೈವಿಗೆ ಹಾಕಿ ಹುಮನಾಬಾದ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತೇವೆ. ಕಮಲಾಪುರ ಸ್ಟ್ಯಾಂಡಿನಲ್ಲಿ ಹಣಮಮ್ಮ ಇಸಿದುಕೊಳ್ಳುತ್ತಾಳೆ, ಪೆಟ್ಟಿಗೆಗೆ ಚುಚ್ಚುತ್ತಾಳೆ, ಹಸಿರು ದೀಪ ಬಂದ ಮೇಲೆ ತೆಗೆದು ತಿರುಗಿ ಬರುವ ಬಸ್ಸಿಗೆ ಕೊಡುತ್ತಾಳೆ. ಅಲ್ಲಿಯವರೆಗೆ ನಾನು ಅಲ್ಲಿಗೆ ಕಳಿಸಿದ್ದು ಸಣ್ಣ ಸೆಟ್ಟಿಂಗ್ ಫೈಲುಗಳನ್ನು ಮಾತ್ರ, ಪೂರ್ತಿ ಹೊಸ ಪ್ರೋಗ್ರಾಂ ಹೀಗೆ ಹೋದದ್ದು ಮಂಗಳವಾರವೇ ಮೊದಲು. ಕಳಿಸುವ ಮುಂಚೆ ನನ್ನ ಮೇಜಿನ ಮೇಲಿದ್ದ, 'ಕಮಲಾಪುರ' ಎಂದು ಪಟ್ಟಿ ಅಂಟಿಸಿದ ಬೋರ್ಡಿನಲ್ಲಿ ಇಡೀ ದಿನ ಓಡಿಸಿ ನೋಡಿದ್ದೆ. ಒಂದೂ ತಪ್ಪು ಬಂದಿರಲಿಲ್ಲ. ಅಲ್ಲಿಯೂ ಬುಧವಾರ, ಗುರುವಾರ ಎಲ್ಲವೂ ಸರಿಯಾಗಿಯೇ ನಡೆದಿತ್ತು. ನನ್ನ ಪ್ರೋಗ್ರಾಂ ಕೆಟ್ಟಿದ್ದರೆ ಮಂಗಳವಾರವೇ ಕೈ ಕೊಡಬೇಕಿತ್ತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೀರೇ ಇರಬೇಕು.

ಅಂಬಣ್ಣನವರ ಕೋಣೆ ಹೈವೇ ಬದಿಗೇ ಇತ್ತು. ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತು ಅವರು ಯಾರಿಗೋ ಫೋನಿನಲ್ಲಿ ಲಾರಿ ವಿಷಯ ಹೇಳುತ್ತಿದ್ದರು. ನನ್ನನ್ನು ನೋಡಿ, ನನ್ನ ಹಿಂದೆ ಇನ್ನು ಯಾರಾದರೂ ಬರುತ್ತಿದ್ದಾರೇನೋ ಎಂದು ರಸ್ತೆ ನೋಡಿದರು.

"ಒಬ್ಬಾಕಿನೇ ಬಂದಿ?"

ನಾನು ತಲೆಯಾಡಿಸಿದೆ.

"ನಡಿ, ಮೊದ್ಲ ನೋಡು."

ಕೋಣೆಯ ಬಾಗಿಲಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ತಗಡಿನ ಬಾಗಿಲ ಮೇಲೆ ಸುಣ್ಣದ ಕಡ್ಡಿಯಲ್ಲಿ ಸಾಲಾಗಿ ಗೀಟು ಎಳೆದಿದ್ದಳು, ಹತ್ತು ಹನ್ನೊಂದು ಇರಬಹುದು.

"ನೀನೇ ಏನವ್ವಾ ಚೀಟಿ ಬರ್ದು ಕಳಸಾಕಿ? 'ಹಸಿರು ದೀಪ ಬಂದ ಮೇಲೆ ತೆಗೆಯಿರಿ' ಅಂತ?"

"ಹೌದ್ರಿ, ಹಣಮಮ್ಮಕ್ಕ."

"ಅಕ್ಷರ ಅಷ್ಟ್ ದಪ್ಪ ದಪ್ಪ ಬರೀತಿ, ದನಿ ಇಷ್ಟ ಸಣ್ಣದು!" ಎಂದು ನಕ್ಕಳು. ಇವತ್ತು ಕೆಲಸ ಹೋಗಲಿರುವ ಹೆಂಗಸು ನನ್ನನ್ನು ನಗಿಸಲು ನೋಡುತ್ತಿದ್ದಳು.

ಗೀಟುಗಳು ಏನೆಂದು ಕೇಳಿದೆ.

"ಮುಂಜಾನಿ ಆರಕ್ಕ ಬಂದೆ. ಕ್ವಾಣಿ ಉಸಿರಾಡೋ ಸಪ್ಳನೇ ಇಲ್ಲ. ತಂಪಿನ ಮಿಷನ್ನಿಗಿ ಕೈ ಸ್ವಿಚ್ ಅದಲ್ಲ, ಅದು ಹಾಕ್ದೆ, ಜಾಸ್ತಿ ತಂಪಾತು ಅಂದ್ರ ತಗದೆ. ಅರ್ಧ ತಾಸಿಗೊಮ್ಮಿ ಬಾಗ್ಲ ತಗದು ಒಳಗಿನ ಗಾಳಿ ಹೊರಗ ಬಿಡ್ಲಾಕತ್ತೀನಿ. ಬಾಳಿಗೂ ಉಸಿರು ಕಟ್ತದವ್ವ. ಒಂದ್ ಸಲ ಬಾಗ್ಲ ತಗದ್ರ ಒಂದ್ ಗೀಟು. ಅವ ಬಕೀಟ್ ನೋಡ್ಯಾನ, ಇದು ನೋಡಿಲ್ಲ."

"ಕೇಳಸ್ತದ ನನಗ!" ಎಂದು ಹೊರಸಿನಿಂದ ಅಂಬಣ್ಣನವರ ದನಿ ಬಂತು.

"ಕೇಳ್ಲೆಂತನೇ ಹೇಳೀನಿ," ಎಂದಳು ಹಣಮಮ್ಮ, ಅರ್ಧ ದನಿಯಲ್ಲಿ.

ಕಂಟ್ರೋಲರಿನ ಪೆಟ್ಟಿಗೆ ಕೋಣೆಯ ಹೊರಗೋಡೆಗೆ ಎದೆಯೆತ್ತರದಲ್ಲಿತ್ತು. ಮುಚ್ಚಳ ಬಿಚ್ಚಿದೆ. ಒಳಗೆ ಧೂಳು ಹಾಗೇ ಪುಡಿಪುಡಿಯಾಗಿ ಕೂತಿತ್ತು. ಒಂದು ಹನಿ ನೀರು ಬಿದ್ದಿದ್ದರೂ ಆ ಧೂಳಿನ ಮೇಲೆ ಗುರುತು ಉಳಿಯಬೇಕಿತ್ತು. ಉಳಿದಿರಲಿಲ್ಲ. ಬೋರ್ಡಿನ ದೀಪ ಉರಿಯುತ್ತಲೇ ಇತ್ತು. ಕೇಬಲ್ ಹಾಕಿ ಲ್ಯಾಪ್‌ಟಾಪ್ ತೆರೆದೆ. ಲಿನಕ್ಸು ಎಚ್ಚರವಾಗಿತ್ತು. ಪರದೆಯ ಮೇಲೆ ನಿಮಿಷಕ್ಕೊಂದು ಸಾಲು ಬರುತ್ತಿತ್ತು, ಒಂದೇ ಸಾಲು: ನನ್ನ ಪ್ರೋಗ್ರಾಮಿನ ಹೆಸರು, ಅದರ ಮುಂದೆ 'ನಾಟ್ ಫೌಂಡ್'. ಸಿಕ್ಕಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಜನರೆದುರು ನನಗೆ ಏನೂ ತೋಚುವುದಿಲ್ಲ. ಇಂಥ ಸಾಲಿನೆದುರು ಮಾತ್ರ ಮುಂದಿನ ಹೆಜ್ಜೆ ತಾನಾಗಿ ತೋಚುತ್ತದೆ.

ಮೊದಲು ಫೈಲು ಇದೆಯೋ ಇಲ್ಲವೋ ನೋಡಿದೆ. ಇತ್ತು. ಮಂಗಳವಾರದ ತಾರೀಖಿನ ಸಮೇತ ಅಲ್ಲೇ ಇತ್ತು. ಓಡುವ ಅನುಮತಿ ಇದೆಯೋ ನೋಡಿದೆ. ಅದೂ ಇತ್ತು. ಕೆಲವೊಮ್ಮೆ ಲಿನಕ್ಸು ತನಗೆ ಹೇಳಿಕೊಟ್ಟ ನಾಲ್ಕು ಕಡೆ ಮಾತ್ರ ಹುಡುಕಿ, ಸಿಗಲಿಲ್ಲ ಎನ್ನುತ್ತದೆ. ಅದಕ್ಕೆ ಫೈಲಿನ ಪೂರ್ತಿ ವಿಳಾಸ ಕೊಟ್ಟು ಕರೆದೆ. ಆಗಲೂ ಅದೇ, ಸಿಕ್ಕಲಿಲ್ಲ.

ಕಣ್ಣೆದುರು ಕೂತ ಫೈಲನ್ನು ಸಿಕ್ಕಲಿಲ್ಲ ಎನ್ನುತ್ತಿದೆಯಲ್ಲ! ಫೈಲಿನ ಜಾತಕ ಓದುವ ಕಮಾಂಡುಗಳು ಇವೆ. ಒಂದೊಂದಾಗಿ ಬರೆದೆ. ಅವೂ ಸಿಕ್ಕಲಿಲ್ಲ. ಇಷ್ಟು ಪುಟ್ಟ ಬೋರ್ಡಿನಲ್ಲಿ ಎಲ್ಲ ಕಮಾಂಡೂ ಇರುವುದಿಲ್ಲ. ಮಸಾಲೆ ಡಬ್ಬಿಯ ಹಾಗೆ ತೀರ ಬೇಕಾದವನ್ನಷ್ಟೇ ಒಂದೇ ಕಡೆ ತುಂಬಿಟ್ಟಿರುತ್ತಾರೆ. ಡಬ್ಬಿಯಲ್ಲಿ ಏನೇನಿದೆ ಎಂದು ಪಟ್ಟಿ ತೆಗೆದೆ. ಫೈಲಿನ ತಲೆಯ ಭಾಗವನ್ನಷ್ಟೇ ತೋರಿಸುವ ಕಮಾಂಡು ಒಂದಿತ್ತು. ಅಷ್ಟು ಸಾಕಿತ್ತು ನನಗೆ.

"ಏನ್ ಮಾಡ್ಲಾಕತ್ತಿ?" ಅಂಬಣ್ಣನವರು ಬಂದು ನಿಂತರು.

"ನೋಡ್ಲಾಕತ್ತೀನ್ರಿ."

"ಬಿಸಲಾಗ ಒರಸಿ ಇಟ್ರ ಆಗ್ತಿತ್ತೋ ಏನೋ. ನಮ್ಮ ಹುಡುಗುನ ಮೊಬೈಲ್ ಬಾವ್ಯಾಗ ಬಿದ್ದಾಗ ಅಕ್ಕಿ ಡಬ್ಬ್ಯಾಗ ಇಟ್ಟಿದ್ವಿ."

"ಹಂಗಾರ ಅಕ್ಕಿ ತರ್ಲೇನು?" ಎಂದಳು ಹಣಮಮ್ಮ. ಅವರು ದುರುಗುಟ್ಟಿ ನೋಡಿ ಹೊರಸಿಗೆ ಹೋದರು.

ಫೈಲಿನ ತಲೆ ಪರದೆಯ ಮೇಲೆ ಬಂತು. ಅರ್ಥವಾಗದ ಗುರುತುಗಳ ನಡುವೆ ಒಂದೇ ಒಂದು ಓದಬಹುದಾದ ವಿಳಾಸ. ಯಾವುದೇ ಪ್ರೋಗ್ರಾಂ ತಾನಾಗಿ ಓಡುವುದಿಲ್ಲ. ಅದನ್ನು ಇಳಿಸಿ, ಬಿಚ್ಚಿ, ಜಾಗಕ್ಕೆ ಹಚ್ಚುವ ಇನ್ನೊಂದು ಸಣ್ಣ ಪ್ರೋಗ್ರಾಂ ಇರುತ್ತದೆ. ಅದರ ವಿಳಾಸ ಇದು. ಆ ವಿಳಾಸಕ್ಕೆ ಹೋಗಿ ನೋಡಿದೆ. ಖಾಲಿ. ಈ ಬೋರ್ಡಿನಲ್ಲಿದ್ದ ಇಳಿಸುವವನ ಹೆಸರೇ ಬೇರೆ.

ಅಪ್ಪನ ಗಂಜ್ ಕಣ್ಣ ಮುಂದೆ ಬಂತು. ಮಾಲು ತುಂಬಿದ ಲಾರಿ ಅಂಗಡಿ ಮುಂದೆ ನಿಂತಿರುತ್ತದೆ. ಇಳಿಸುವ ಹಮಾಲರು ಬಂದಿರುವುದಿಲ್ಲ. ಗಿರಾಕಿ ಕೇಳಿದರೆ ಅಂಗಡಿಯವ ಗದ್ದಿಗೆ ಬಿಟ್ಟು ಏಳದೆ 'ಮಾಲು ಬಂದಿಲ್ಲ' ಎನ್ನುತ್ತಾನೆ. ಲಿನಕ್ಸು ಹೇಳುತ್ತಿದ್ದುದೂ ಅದನ್ನೇ. ಸಿಗದೆ ಇದ್ದದ್ದು ಫೈಲಲ್ಲ, ಅದನ್ನು ಇಳಿಸುವವನು.

ಅಂದರೆ ನಾನು ಬೇರೆ ಬೋರ್ಡಿಗೆ ಮಾಡಿದ ಪ್ರೋಗ್ರಾಂ ಕಳಿಸಿದ್ದೆ. ಟಾರ್ಚ್ ಹಾಕಿ ನೋಡಿದೆ. ನನ್ನ ಮೇಜಿನ ಮೇಲಿನದು ನೀಲಿ. ಇಲ್ಲಿ ಗೋಡೆಯ ಮೇಲಿದ್ದದ್ದು ಹಸಿರು, ಚಿಕ್ಕದು.

ರಸ್ತೆಗೆ ಬಂದು, ನೆಟ್‌ವರ್ಕ್ ಸಿಗುವ ಕಡೆ ನಿಂತು, ಸರ್‌ಗೆ ನಾನೇ ಫೋನು ಮಾಡಿ, ಇಲ್ಲಿನ ಬೋರ್ಡೇ ಬೇರೆ ಎಂದೆ.

"ಅರೆ, ಹೋದ ವರ್ಸ ಸಿಡ್ಲ ಹೊಡದಾಗ ಬದಲ್ ಮಾಡಿದ್ನಲ್ಲ. ಹಳೇದು ರಿಪೇರಿ ಮಾಡಿ ನಿನ್ನ ಮೇಜಿನ ಮ್ಯಾಲ ಇಟ್ಟೀನಿ."

"ಅದರ ಮ್ಯಾಲ ಕಮಲಾಪುರ ಅಂತ ಪಟ್ಟಿ ಅದ ಸರ್."

"ಮತ್ತ ಅದು ಕಮಲಾಪುರದ್ದೇ ಅಲ್ಲೇನು? ನಾಲ್ಕ ವರ್ಸ ಅಲ್ಲಿ ದುಡದದ. ಮನಿಶ್ಯಾ ಊರ್ ಬಿಟ್ರ ಊರ ಹೆಸ್ರು ಬಿಡ್ತಾನೇನು?" ಎಂದರು. ಹೇಳುತ್ತಿದ್ದಂತೆ ಅವರಿಗೂ ತಿಳಿಯಿತು, ಪಟ್ಟಿಯಿಂದಲೇ ಎಡವಟ್ಟಾಗಿದೆ ಎಂದು. ದನಿ ತಗ್ಗಿಸಿ ಹೇಳಿದರು, "ಬೇಟಾ, ಅಂಬಣ್ಣೋರು ಇನ್ನೊಂದು ಕ್ವಾಣಿ ಕಟ್ಟೋರು ಇದ್ದಾರ. ಅವ್ರೇ ನೀರು ಅಂದಾರಲ್ಲ, ನೀರು ಅಂತನೇ ಇರ್ಲಿ. ನೀ ಮೊದ್ಲ ಫ್ಯಾನ್ ತಿರುಗಸು."

ಸರ್ ಕೆಟ್ಟವರಲ್ಲ. ಅವರು ಹಣಮಮ್ಮಳ ಗೀಟುಗಳನ್ನು ನೋಡಿರಲಿಲ್ಲ ಅಷ್ಟೇ. ಇನ್ನೊಂದನ್ನೂ ಅವರು ತಿಳಿದಿರಲಿಲ್ಲ. ಎರಡು ತಿಂಗಳ ಹಿಂದೆ ಕಮಲಾಪುರದಿಂದ ತಿರುಗಿ ಬಂದ ಪೆನ್ ಡ್ರೈವಿನಲ್ಲಿ ಬೋರ್ಡು ತಾನೇ ಬರೆದ ಲೆಕ್ಕವಿತ್ತು, ಅದರಲ್ಲಿ ಬೋರ್ಡಿನ ಹೆಸರು ಬೇರೆಯಾಗಿರುವುದನ್ನು ನಾನು ನೋಡಿದ್ದೆ. ಕೇಳಬೇಕು ಅನ್ನಿಸಿತ್ತು. ಇಷ್ಟೂ ಗೊತ್ತಿಲ್ಲವೇ ಅಂದಾರೆಂದು ಕೇಳದೆ, ಎದ್ದು ಹೋಗಿ ನೀರು ಕುಡಿದಿದ್ದೆ. ಪಟ್ಟಿ ಸರ್ ಅವರದು. ತಪ್ಪು ನನ್ನದು.

ಹೊತ್ತು ಒಂದಾಗಿತ್ತು. ಹಣಮಮ್ಮ ಇನ್ನೊಂದು ಗೀಟು ಎಳೆದಳು. ಬಾಗಿಲು ತೆರೆದಾಗ ಬಂದ ಗಾಳಿ ಬೆಚ್ಚಗಿತ್ತು.

"ಎಷ್ಟೊತ್ತು ತಡೀತದ ಅಕ್ಕಾ?"

ಒಳಗೆ ಹೋಗಿ ಒಂದು ಗೊನೆಯ ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ, ಮೂಸಿ ಬಂದಳು. "ಎರಡು ತಾಸು. ಬಿಸಲ ಏರಿದ್ರ ನನ್ನ ಕೈಲೆ ಆಗಾಂಗಿಲ್ಲ."

ಮೊದಲು ಅಡ್ಡದಾರಿ ಹಿಡಿದೆ. ಇಲ್ಲಿರುವ ಇಳಿಸುವವನಿಗೇ, ನನ್ನ ಪ್ರೋಗ್ರಾಂ ಕರೆಯುವ ಹೆಸರು ಕೊಟ್ಟೆ. 'ಸಿಕ್ಕಲಿಲ್ಲ' ಹೋಯಿತು. ಅದರ ಬದಲು ಹತ್ತು ಹೊಸ ತಪ್ಪುಗಳು ಒಟ್ಟಿಗೆ ಬಿದ್ದವು. ಹೆಸರು ಕೊಟ್ಟ ಮಾತ್ರಕ್ಕೆ ಕೆಲಸ ಬರುವುದಿಲ್ಲ. ಅದನ್ನು ಅಳಿಸಿದೆ.

ಗೋಡೆಗೆ ಒರಗಿ ನೆಲದ ಮೇಲೆ ಕೂತು ಯೋಚಿಸಿದೆ. ಇಳಿಸುವವನೇ ಬೇಡವಾಗುವಂತೆ, ಬೇಕಾದದ್ದನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಪ್ರೋಗ್ರಾಂ ಮಾಡುವ ರೀತಿ ಒಂದಿದೆ. ಫೈಲು ದೊಡ್ಡದಾಗುತ್ತದೆ, ಆದರೆ ಯಾವ ಬೋರ್ಡಿಗೆ ಹೋದರೂ ಯಾರ ಹಂಗಿಲ್ಲದೆ ಎದ್ದು ನಿಲ್ಲುತ್ತದೆ. ಎರಡೂ ಬೋರ್ಡುಗಳ ಚಿಪ್ ಒಂದೇ ಬಗೆಯದು, ಆ ಧೈರ್ಯವಿತ್ತು. ಲ್ಯಾಪ್‌ಟಾಪಿನಲ್ಲಿ ಹಾಗೆ ಕಟ್ಟಲು ಹಾಕಿದೆ. ಒಂದು ಲೈಬ್ರರಿ ಹಟ ಮಾಡಿತು. ಅದು ಬೇಕಾಗಿದ್ದದ್ದು ತಾರೀಖನ್ನು ಚಂದಗೆ ಬರೆಯಲಿಕ್ಕೆ ಮಾತ್ರ. ಬಾಳೆಹಣ್ಣಿಗೆ ಚಂದದ ತಾರೀಖು ಯಾಕೆ? ಆ ಭಾಗ ಕಿತ್ತು ಹಾಕಿದೆ. ಮತ್ತೆ ಕಟ್ಟಿದೆ. ಪೆನ್ ಡ್ರೈವು, ಬೋರ್ಡು, ಹಸಿರು ದೀಪ.

ಪೂರ್ತಿ ವಿಳಾಸ ಬರೆದು ಎಂಟರ್ ಒತ್ತಿದೆ.

ಪೆಟ್ಟಿಗೆಯೊಳಗೆ ಟಕ್ ಎಂದಿತು. ತಂಪಿನ ಯಂತ್ರ ಒಮ್ಮೆ ಗುಡುಗಿ ಎದ್ದಿತು, ಅದರ ಹಿಂದೆಯೇ ಗೋಡೆಯ ಮೇಲಿನ ದೊಡ್ಡ ಫ್ಯಾನು ತಿರುಗಿ, ಮೂರು ದಿನದ ಬಾಳೆಯ ಸಿಹಿ ವಾಸನೆಯ ಗಾಳಿಯನ್ನು ನಮ್ಮ ಮೈಮೇಲೆ ತಂದು ಹಾಕಿತು.

"ಯವ್ವಾ! ಉಸಿರು ಬಂತು!" ಎಂದು ಹಣಮಮ್ಮ ನನ್ನ ಕೆನ್ನೆ ಸವರಿ ತನ್ನ ಹಣೆಗೆ ಬೆರಳು ಮುರಿದು ಲಟಿಕೆ ತೆಗೆದಳು.

ಇಲ್ಲಿಗೆ ಮುಗಿಸಲಿಲ್ಲ. ಮಂಗಳವಾರವೂ ಹಸಿರು ದೀಪ ಬಂದಿತ್ತಲ್ಲ.

"ಅಕ್ಕಾ, ಮೇನ್ ಸ್ವಿಚ್ ತಗೀರಿ."

"ಈಗ ಚಾಲೂ ಆಗ್ಯಾದ, ತಗಿ ಅಂತಿ?"

"ತಗದು ಹಾಕ್ರಿ. ಕರೆಂಟ್ ಹೋಗಿ ಬಂದ್ರೂ ಏಳ್ಬೇಕು ಅದು."

ಅವಳು ತೆಗೆದಳು. ಎಲ್ಲ ನಿಂತಿತು. ಹತ್ತು ಎಣಿಸಿ ಹಾಕಿದಳು. ಬೋರ್ಡು ಮಿನುಗಿ, ತಡೆದು, ಮತ್ತೆ ಟಕ್ ಎಂದಿತು. ಯಾರೂ ಮುಟ್ಟದೆಯೇ ಫ್ಯಾನು ತಿರುಗಿತು. ನನ್ನ ಎದೆ ಎಷ್ಟು ಉಬ್ಬಿತೆಂದರೆ ದುಪಟ್ಟಾ ಸರಿ ಮಾಡಿಕೊಳ್ಳುವ ನೆವದಲ್ಲಿ ತಲೆ ತಗ್ಗಿಸಿದೆ. ಕಾಲೇಜಿನಲ್ಲಿ ಎಷ್ಟೋ ಮಾರ್ಕ್ಸು ತೆಗೆದಿದ್ದೆ, ಒಂದೂ ಹೀಗೆ ಗಾಳಿ ಬೀಸಿರಲಿಲ್ಲ.

ಆಮೇಲೆ ಬೋರ್ಡು ಬರೆದಿಟ್ಟ ಹಳೆಯ ಲೆಕ್ಕ ತೆರೆದೆ. ಗುರುವಾರ ಸಂಜೆ ಐದಕ್ಕೆ ಹಣಮಮ್ಮ ನೆಲ ತೊಳೆದದ್ದು. ಅದಾದ ಮೇಲೂ ಐದು ನಿಮಿಷಕ್ಕೊಮ್ಮೆ ಶಾಖ ಬರೆಯುತ್ತ ಹೋಗಿತ್ತು. ಬೆಳಗಿನ ಜಾವ ಕರೆಂಟು ಹೋದದ್ದು ಮೂರೂ ಇಪ್ಪತ್ತಕ್ಕೆ. ಬಂದದ್ದು ಐದೂ ನಲವತ್ತಕ್ಕೆ. 'ಸಿಕ್ಕಲಿಲ್ಲ' ಶುರುವಾದದ್ದು ಅಲ್ಲಿಂದ. ಬುಧವಾರ, ಗುರುವಾರ ಓಡಿದ್ದು ನನ್ನ ಹೊಸ ಪ್ರೋಗ್ರಾಂ ಆಗಿರಲೇ ಇಲ್ಲ. ಫೈಲು ಬದಲಾದರೂ ಮೊದಲೇ ಓಡುತ್ತಿದ್ದ ಹಳೆಯದು ಮೆಮೊರಿಯಲ್ಲಿ ಓಡುತ್ತಲೇ ಇತ್ತು. ಕರೆಂಟು ಹೋದಾಗ ಅದು ಅಳಿಸಿಹೋಯಿತು, ಬಂದಾಗ ನನ್ನದು ಏಳಲಾರದೆ ಹೋಯಿತು. ಬಕೀಟಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಫ್ಯಾನಿನ ಸಪ್ಪಳ ಕೇಳಿ ಅಂಬಣ್ಣನವರು ಓಡಿ ಬಂದರು. ಗೊನೆಗಳ ನಡುವೆ ಒಂದು ಸುತ್ತು ಹಾಕಿ ಹೊರಬಂದಾಗ ಮುಖ ಅರಳಿತ್ತು.

"ಒಂದ್ ಹಣ್ಣೂ ಕೆಟ್ಟಿಲ್ಲ! ಶಾಬಾಸ್ ತಂಗಿ! ನೀರಾಗ ಬಿದ್ದ ಮಿಷನ್ ಎಬ್ಬಿಸಿದೆಲ್ಲ! ಸಾಬ್ರಿಗಿ ಫೋನ್ ಹಚ್ಚಿ ಹೇಳ್ತೀನಿ, ಇಂಥ ಹುಡುಗಿನ್ನ ಎಲ್ಲಿ ಬಚ್ಚಿಟ್ಟಿದ್ರಿ ಅಂತ."

ಏಳು ತಿಂಗಳಲ್ಲಿ ನನ್ನನ್ನು ಯಾರೂ ಹೀಗೆ ಹೊಗಳಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೇಳಬೇಕು ಎನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಅವರು ಹಣಮಮ್ಮಳ ಕಡೆ ತಿರುಗಿದರು.

"ನೀ ಕೀಲಿ ಕೊಟ್ಟು ನಡಿ. ಇವತ್ತಿನ ದಿನ ಈ ಹುಡುಗಿ ಉಳಸ್ಯಾಳ. ದಿನಾ ಬರ್ತಾಳೇನು?"

ಹಣಮಮ್ಮ ವಾದ ಮಾಡಲಿಲ್ಲ. ಬುತ್ತಿಯ ಗಂಟು ತೆಗೆದುಕೊಂಡಳು, ಸೊಂಟದಿಂದ ಕೀಲಿ ಬಿಚ್ಚತೊಡಗಿದಳು. ಬಾಗಿಲ ಮೇಲೆ ಹದಿನೈದು ಗೀಟುಗಳಿದ್ದವು. ಹಣ್ಣು ಉಳಿದದ್ದು ಯಾರಿಂದ ಎಂದು ಬರೆದಿಟ್ಟ ಹಾಗೇ ಇತ್ತು, ಓದುವವರಿಲ್ಲ. ಸರ್ ಹೇಳಿದ ಮಾತು ನೆನಪಾಯಿತು. ಇನ್ನೊಂದು ಕೋಣೆ. ಬಾಟಲಿ ಚೀಲದಲ್ಲೇ ಇತ್ತು. ಕೈ ಹಾಕಲಿಲ್ಲ.

"ನೀರು ಬಿದ್ದಿಲ್ಲರಿ," ಎಂದೆ.

ಫ್ಯಾನಿನ ಅಬ್ಬರದಲ್ಲಿ ಅಂಬಣ್ಣನವರಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಚ್ಚಿದರು. "ಏನಂದಿ? ಜೋರ್ ಹೇಳವ್ವಾ!"

ನಾನೇ ತಿರುಗಿಸಿದ ಫ್ಯಾನು. ಅದರ ಮೇಲೆ ಕೇಳುವಂತೆ ಹೇಳಬೇಕಾಗಿತ್ತು.

"ನೀರು ಬಿದ್ದಿಲ್ಲರಿ ಅಂಬಣ್ಣೋರೆ! ಮಂಗಳವಾರ ನಾ ಕಳಸಿದ ಪ್ರೋಗ್ರಾಮೇ ತಪ್ಪಿತ್ತು. ಹಣಮಮ್ಮಕ್ಕ ಇದ್ದದ್ದಕ್ಕ ನಿಮ್ಮ ಬಾಳಿ ಉಳದಾವ. ತಪ್ಪು ನಂದು!"